ಸೂರಪ್ಪ ನೆತ್ತಿಯ ಮೇಲೆ ಬಂದು ಇಣುಕಿದ ದಿನ

ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲು ಮುಂದೆ ಮಾಡಿ. ಈ ಮಾತು ಈ ಹೊಸ್ತಿಲು ದಾಟಬಾರದು, ಗೊತ್ತಾಯಿತೆ? ಗಂಡ ಹೆಂಡತಿ ನಡುವಿನ ವಿಚಾರ. ಸೂರ್ಯನ ಕಿವಿಗೆ ಬಿದ್ದರಂತೂ ಮುಗಿದೇ ಹೋಯಿತು.

ಲೋಕ ಇನ್ನೂ ಸುಡದ ಮಡಕೆಯ ಹಾಗೆ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಎಲ್ಲಿ ಕೂರುವುದು ಅಂತ ಜಾಗ ನೋಡುತ್ತಿದ್ದವು. ಹೊಳೆ ದಾರಿ ಕೇಳಿಕೊಂಡು ಹರಿಯುತ್ತಿತ್ತು.

ಆಗ ಒಂದು ಬಯಲಿನ ನಡುವೆ ಕಂಬದ ಹಾಗೆ ನೆಟ್ಟಗೆ ನಿಂತ ಒಂದು ಕಲ್ಲು. ಹೆಸರು ಕಲ್ಲಪ್ಪ. ಮಾತು ಕಮ್ಮಿ, ಬಿಗುಮಾನ ಜಾಸ್ತಿ. ಅವನ ಹೆಂಡತಿ ನೆರಳಮ್ಮ. ಕಪ್ಪು ಸೀರೆ, ಮೆತ್ತನೆ ನಡೆ, ತಣ್ಣನೆ ಕೈ.

ಪಕ್ಕದಲ್ಲೇ ಕ್ಯಾತಮ್ಮ. ಬೇಲಿ ಮೇಲೆ ಓತಿಕ್ಯಾತ ನೋಡಿದ್ದೀರಲ್ಲ, ಆ ಕುಲದ ಮೊದಲನೇ ಹೆಣ್ಣು. ಅವಳಿಗೆ ಸ್ವಂತದ್ದು ಅಂತ ಒಂದು ಬಿಲವೂ ಇರಲಿಲ್ಲ. ನೆರಳಮ್ಮ ಸೆರಗು ಹಾಸಿದ ಕಡೆ ಮಲಗುವುದು, ಅವಳು ಸರಿದರೆ ತಾನೂ ಸರಿಯುವುದು. ಮೈ ಮಲಗಿದ್ದರೂ ಕಣ್ಣು ಮಾತ್ರ ಸುತ್ತ ಮೇಯುತ್ತಿತ್ತು.

ಮೇಯುತ್ತಾ ಮೇಯುತ್ತಾ ಆ ಕಣ್ಣಿಗೆ ಒಂದು ಸಂಗತಿ ಬಿತ್ತು.

ಬೆಳಗ್ಗೆ ಸೂರಪ್ಪ ಮೂಡಣದಲ್ಲಿ ತಲೆ ಎತ್ತಿದರೆ ನೆರಳಮ್ಮ ಗಂಡನ ಬೆನ್ನ ಹಿಂದೆ, ಪಡುವಣಕ್ಕೆ. ಸಂಜೆ ಅವನು ಪಡುವಣಕ್ಕೆ ಬಂದರೆ ಇವಳು ಮೂಡಣಕ್ಕೆ. ಮಧ್ಯಾಹ್ನ ಅವನು ತೆಂಕಣದಿಂದ ನೋಡಿದರೆ ಇವಳು ಬಡಗಣಕ್ಕೆ. ಒಂದು ದಿನವಾದರೂ ಎದುರಿಗೆ ಬಂದಳಾ? ಇಲ್ಲ.

‘ಏನೂ ಇಲ್ಲದೆ ಒಬ್ಬ ಹೆಂಗಸು ಒಬ್ಬ ಗಂಡಸಿಗೆ ಇಷ್ಟು ಮುಖ ತಪ್ಪಿಸುತ್ತಾಳಾ?’ ಅಂದುಕೊಂಡಳು ಕ್ಯಾತಮ್ಮ. ಅಂದುಕೊಂಡದ್ದೇ ತಡ, ನಾಲಿಗೆ ತುರಿಸಿತು.

ಹೊಳೆಗೆ ಹೇಳಿದಳು. ಹುತ್ತಕ್ಕೆ ಹೇಳಿದಳು. ಬೇಲಿಬೇಲಿಗೂ ಹೇಳಿದಳು. ಕೊನೆಗೆ ಕಲ್ಲಪ್ಪನ ಹತ್ತಿರವೇ ಬಂದಳು.

“ಕಲ್ಲಪ್ಪಣ್ಣ, ನಿಮ್ಮ ಮನೆ ವಿಷಯ ನನಗ್ಯಾಕೆ? ಆದ್ರೂ ಕೇಳ್ತೀನಿ. ಸೂರಪ್ಪನ್ನ ಕಂಡ್ರೆ ನಿಮ್ಮ ಹೆಂಡ್ತಿ ಯಾಕೆ ಬಚ್ಚಿಟ್ಕೊಳ್ಳೋದು?”

ಕಲ್ಲಪ್ಪ ಸಂಜೆ ಹೆಂಡತಿಯನ್ನು ಕೇಳಿಯೇ ಬಿಟ್ಟ.

“ಅವನ ಕಣ್ಣು ಬಿದ್ರೆ ನಾನು ಉಳಿಯಲ್ಲ ಕಣ್ರೀ,” ಅಂದಳು ನೆರಳಮ್ಮ. “ಅಲ್ಲೇ ಕರಗಿ ಹೋಗ್ತೀನಿ. ಅದಕ್ಕೇ ನಿಮ್ಮ ಬೆನ್ನ ಹಿಂದೆ ಇರೋದು.”

“ಅಷ್ಟೇನಾ?”

“ಇನ್ನೇನಿದೆ?”

‘ಅಬ್ಬಬ್ಬ, ಏನು ಕಥೆ ಕಟ್ಟುತ್ತಾಳೆ!’ ಅಂದುಕೊಂಡಳು ಕ್ಯಾತಮ್ಮ, ಅವಳದೇ ಸೆರಗಿನ ಮೇಲೆ ಮಗ್ಗುಲು ಬದಲಿಸಿ. ಕಲ್ಲಪ್ಪನಿಗೂ ಪೂರ್ತಿ ನಂಬಿಕೆ ಬರಲಿಲ್ಲ. ಅವತ್ತಿನಿಂದ ಹೆಂಡತಿ ಜೊತೆ ಮಾತು ನಿಂತಿತು.

ಗಾಳಿಯ ಬಾಯಲ್ಲಿ ಸುದ್ದಿ ಮೇಲಕ್ಕೂ ಹೋಯಿತು. ಸೂರಪ್ಪ ಕೆಳಗೆ ಬಗ್ಗಿ ಕ್ಯಾತಮ್ಮನನ್ನು ಕೇಳಿದ, “ಯಾರಮ್ಮ ಆ ನೆರಳಮ್ಮ? ಲೋಕ ಎಲ್ಲ ನೋಡಿದೀನಿ, ಅವಳನ್ನ ಮಾತ್ರ ಒಂದು ದಿನವೂ ನೋಡಿಲ್ಲವಲ್ಲ!”

‘ನೋಡೇ ಇಲ್ಲವಂತೆ! ಕಳ್ಳ!’ ಅಂತ ಒಳಗೇ ಮೂತಿ ತಿರುಗಿಸಿದ ಕ್ಯಾತಮ್ಮ, ಬಾಯಲ್ಲಿ ಬೆಣ್ಣೆ ಸವರಿದಳು. “ಪಕ್ಕದಿಂದ ನೋಡಿದ್ರೆ ಎಲ್ಲಿ ಕಾಣ್ತಾಳಪ್ಪ? ನೆತ್ತಿ ಮೇಲೆ ಬಂದು ನೋಡು. ನಾಲ್ಕೂ ಕಡೆ ಕಾಣುತ್ತೆ. ಬಚ್ಚಿಟ್ಕೊಳ್ಳೋಕೆ ಮೂಲೆನೇ ಇರಲ್ಲ.”

ಸೂರಪ್ಪನಿಗೂ ಕುತೂಹಲ. ದಿನದಿನವೂ ಸ್ವಲ್ಪ ಸ್ವಲ್ಪ ಬಡಗಣಕ್ಕೆ ಸರಿದ. ಅವನು ಸರಿದಷ್ಟೂ ಮಧ್ಯಾಹ್ನದ ಹೊತ್ತು ನೆರಳಮ್ಮ ಕುಗ್ಗಿದಳು. ಮಾರುದ್ದ ಇದ್ದವಳು ಮೊಳವಾದಳು. ಮೊಳವಿದ್ದವಳು ಗೇಣಾದಳು. ಕ್ಯಾತಮ್ಮನ ಬಾಲ ಆಗಲೇ ಬಿಸಿಲಿಗೆ ಬಿದ್ದಿತ್ತು. ತಮಾಷೆ ನೋಡುವ ಆತುರದಲ್ಲಿ ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಆ ದಿನವೂ ಬಂತು. ಸೂರಪ್ಪ ನೆತ್ತಿಗೆ ಏರುತ್ತಿದ್ದ.

“ಏನೂಂದ್ರೆ,” ಅಂದಳು ನೆರಳಮ್ಮ. “ಇವತ್ತು ನಿಮ್ಮ ಬೆನ್ನೂ ನನ್ನನ್ನ ಕಾಯಲ್ಲ. ನಾನು ಹೋದ್ಮೇಲಾದ್ರೂ ನಂಬಿ.”

ಕಲ್ಲಪ್ಪ ತಲೆ ಎತ್ತಿ ಸೂರಪ್ಪನ ಮುಖ ನೋಡಿದ. ಸೂರಪ್ಪ ಹುಡುಕುತ್ತಿದ್ದ. ಅತ್ತ ನೋಡುತ್ತಾನೆ, ಇತ್ತ ನೋಡುತ್ತಾನೆ, ಮೊದಲ ಸಲ ಊರಿಗೆ ಬಂದು ಮನೆ ಗೊತ್ತಾಗದೆ ನಿಂತ ನೆಂಟನ ಹಾಗೆ.

‘ಗುರುತಿದ್ದವನು ಹೀಗೆ ಹುಡುಕುತ್ತಾನಾ?’ ಅಂತ ಕಲ್ಲಪ್ಪನಿಗೆ ಆಗ ಹೊಳೆಯಿತು ನೋಡಿ.

ಹುಟ್ಟಿದಾಗಿನಿಂದ ಅಲುಗದಿದ್ದ ಕಲ್ಲು ಅವತ್ತು ಅಲುಗಿತು. ಹಿಮ್ಮಡಿ ಎತ್ತಿ, “ಬಾರೇ ಒಳಗೆ, ಬೇಗ!” ಅಂದ. ನೆರಳಮ್ಮ ಗಂಡನ ಪಾದದಡಿಗೆ ನುಸುಳಿದಳು. ಅವಳನ್ನು ನೋಡಿ ಹುಲ್ಲುಕಡ್ಡಿಯ ನೆರಳೂ, ಬೇಲಿ ಗೂಟದ ನೆರಳೂ ತಮ್ಮ ತಮ್ಮವರ ಕಾಲಡಿ ಸೇರಿಕೊಂಡವು.

ಸೂರಪ್ಪ ನೆತ್ತಿಗೆ ಬಂದು ಇಣುಕಿದ. ಈ ಕಡೆ ಇಲ್ಲ, ಆ ಕಡೆ ಇಲ್ಲ. “ಇಲ್ಲಿ ಯಾರೂ ಇಲ್ವಲ್ಲಮ್ಮ!” ಅಂದ. ಇದ್ದದ್ದು ಒಬ್ಬಳೇ, ಕ್ಯಾತಮ್ಮ, ಬಟ್ಟಬಯಲಲ್ಲಿ. ನೆಲ ಕಾದ ಹೆಂಚಾಗಿತ್ತು. ಮುಂಗಾಲು ಊರಿದರೆ ಸುಡುತ್ತದೆ, ಎತ್ತುತ್ತಾಳೆ; ಮತ್ತೆ ಊರುತ್ತಾಳೆ, ಮತ್ತೆ ಎತ್ತುತ್ತಾಳೆ. ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ.

ಸೂರಪ್ಪ ಒಂದಿಷ್ಟು ಪಡುವಣಕ್ಕೆ ಜಾರಿದ ಮೇಲೆ ಕಲ್ಲಿನ ಬುಡದಲ್ಲಿ ಕಪ್ಪು ಸೀರೆಯ ಅಂಚು ಕಂಡಿತು. ಕ್ಯಾತಮ್ಮ ಬಿದ್ದೆನೋ ಎದ್ದೆನೋ ಅಂತ ಓಡಿದಳು. “ಅಕ್ಕಾ, ನೆರಳಮ್ಮಕ್ಕಾ, ಕಾಲೆಲ್ಲ ಸುಟ್ಟೋಯ್ತು, ಒಂಚೂರು ಜಾಗ ಕೊಡೇ!”

ಆ ದಿನ ವರ್ಷಕ್ಕೊಂದು ಸಲ, ನಮ್ಮ ಕಡೆ ಏಪ್ರಿಲ್ ಕೊನೆಯ ಹೊತ್ತಿಗೆ, ತಪ್ಪದೆ ಬರುತ್ತದೆ. ಅನುಮಾನ ಹೋಗದ ಸೂರಪ್ಪ ಬಡಗಣದಿಂದ ವಾಪಸು ಬರುವಾಗ ಆಗಸ್ಟಿನಲ್ಲೂ ಒಮ್ಮೆ ಇಣುಕುತ್ತಾನೆ, ಆದರೆ ಮೋಡ ಅಡ್ಡ ಬರುತ್ತದೆ. ಆ ದಿನ ಅಂಗಳದಲ್ಲಿ ನೆಟ್ಟಗೆ ಒಂದು ಕೋಲು ನೆಟ್ಟು ನೋಡಿ, ನಡು ಮಧ್ಯಾಹ್ನ ಅದಕ್ಕೆ ನೆರಳೇ ಇರುವುದಿಲ್ಲ. ಅದೇ ಹೊತ್ತಿಗೆ ಓತಿಕ್ಯಾತ ತಲೆ ಕುಣಿಸುತ್ತಾ ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ಓಡುತ್ತಿರುತ್ತದೆ. ಯಾಕೆಂದರೆ ನೆರಳಮ್ಮ ಅವತ್ತು ಸೆರಗು ಎಳೆದುಕೊಂಡು ಅವಳ ಮುಖಕ್ಕೇ ಹೇಳಿದ್ದು ಹೀಗೆ:

“ನನ್ನ ಸುದ್ದಿ ಹೊತ್ಕೊಂಡು ಯಾವ್ಯಾವ ಬಾಗಿಲಿಗೆ ಹೋಗಿದ್ಯೋ, ಅಲ್ಲೇ ಹೋಗಿ ಕೇಳು ಕ್ಯಾತಮ್ಮ. ಕಾಲೂರೋಕೆ ಯಾರು ಜಾಗ ಕೊಡ್ತಾರೋ ನೋಡೋಣ.”