ದೋಣಿಕಟ್ಟೆಯ ಆಟಕ್ಕೆ ಅರಮನೆಯ ಮುದ್ರೆ

ಡಂಗುರದವನು ಕೋಟೆಯ ಬಾಗಿಲಲ್ಲಿ ನಿಂತು ಸಾರಿದ: "ಕೇಳಿ ಪ್ರಜೆಗಳೇ. ಅರಮನೆಯ ಹಲಗೆಯಾಟ ರಾಜಕುಮಾರಿ ಕೆಂಪಾಜಮ್ಮಣ್ಣಿಯವರು ತಾವೇ ಕಟ್ಟಿದ್ದು. ಮುದ್ರೆಯಿಲ್ಲದ ಹಲಗೆ ಮಾಡಿದವರಿಗೆ ಸೆರೆಮನೆ. ಹಲಗೆಯ ಅಂಚಿನಲ್ಲಿರುವ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಮಹಡಿಯ ಕಿಟಕಿಯಲ್ಲಿ ನಿಂತು ಕೇಳಿದ ಕೆಂಪಾಜಮ್ಮಣ್ಣಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಟ ಅವಳದಲ್ಲ. ವರ್ತಕ ಸೋಮಪ್ಪಯ್ಯ ರೇಷ್ಮೆಯಲ್ಲಿ ಸುತ್ತಿ ತಂದು ಕಾಣಿಕೆ ಕೊಟ್ಟದ್ದು. ಹಲಗೆಯ ಒಂದು ಮೂಲೆ ಹೆರೆದಂತಿತ್ತು. ಏನಿದು ಎಂದು ಕೇಳಿದರೆ ಇಲಿ ಕಡಿದದ್ದು ಎಂದ. ಇಲಿ ಅಷ್ಟು ನುಣ್ಣಗೆ ಕಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದಳು. ತುಂಬಿದ ಸಭೆಯಲ್ಲಿ ತಂದೆ ಹಿಗ್ಗಿ, ನೀನೇ ಕಟ್ಟಿದೆಯಾ ಎಂದಾಗಲೂ ಬರೀ ನಕ್ಕಳು. ಆ ಒಂದು ನಗುವನ್ನು ಬಂಡವಾಳ ಮಾಡಿಕೊಂಡು ಸೋಮಪ್ಪಯ್ಯ ಮುದ್ರೆ ಒತ್ತಿಸಿ ಹಲಗೆ ಮಾರಿದ. ಇದನ್ನು ವ್ಯಾಪಾರದ ಜಾಣತನ ಅನ್ನುವವರಿದ್ದಾರೆ. ಕಳ್ಳತನ ಅನ್ನಿ, ನಾಲಿಗೆ ಸವೆಯುವುದಿಲ್ಲ.

ಹಲಗೆ ಕೊಂಡವರೆಲ್ಲ ಅವಳ ಬಳಿ ಬಂದು ಒಗಟಿನ ಉತ್ತರ ಕೇಳತೊಡಗಿದರು. ಅವಳಿಗೆ ಗೊತ್ತಿದ್ದರೆ ತಾನೇ? ನೀವೇ ಬಿಡಿಸಿ ನೋಡೋಣ ಎಂದು ಜಾರಿಕೊಂಡಳು. ತಂದೆ ಜಂಬದಲ್ಲಿ ಅದನ್ನೇ ಪಣ ಮಾಡಿ ಡಂಗುರ ಹೊಡೆಸಿದ್ದ.

ಮೊದಲನೆಯ ಒಗಟು ಇದು: "ಹಂಚಿದಷ್ಟೂ ಕೊಟ್ಟವನ ಬಳಿಯೇ ಇಡಿಯಾಗಿ ಉಳಿಯುವುದು ಯಾವುದು?" ದಂಡನಾಯಕನ ಮಗ ದೀಪ ಎಂದ. ಆಸ್ಥಾನದ ಪಂಡಿತ ವಿದ್ಯೆ ಎಂದ. ಎರಡೂ ಸರಿಯಿದ್ದೀತು ಅನ್ನಿಸಿತು ಅವಳಿಗೆ. ಆದರೆ ಸರಿ ಎಂದರೆ ಹೇಗೆ ಸರಿ ಎಂದು ವಿವರಿಸಬೇಕು. ತಪ್ಪು ಎಂದರೆ ಏನೂ ಹೇಳಬೇಕಾಗಿಲ್ಲ. ತಪ್ಪು ಎಂದಳು. ಇಬ್ಬರನ್ನೂ ಸೆರೆಗೆ ಒಯ್ದರು. ಅಮಾವಾಸ್ಯೆಗೆ ಅವರ ತಲೆ ಹೋಗಲಿತ್ತು.

ಆಮೇಲೆ ಬಂದವನು ದೋಣಿಗೆ ಹುಟ್ಟು ಹಾಕುವ ಹುಡುಗ ಈರ್ಯ. ಪಂಚೆ ಇನ್ನೂ ಒದ್ದೆಯಾಗಿತ್ತು. ಮೀನಿಗೆ ಒಗಟು ಬಿಡಿಸಿ ಬಂದೆಯೇನೋ ಎಂದು ಕಾವಲಿನವನು ಅಣಕಿಸಿದ.

"ಹೂಂ ಸ್ವಾಮಿ. ಅವೂ ಬಾಯಿ ಬಿಡ್ತಾವೆ, ಮಾತಾಡಲ್ಲ. ನಿಮ್ಮ ಸಭೆ ಥರಾನೇ."

ಆಮೇಲೆ ಅಮ್ಮಣ್ಣಿಯ ಕಡೆ ತಿರುಗಿದ. "ಮೊದಲನೇದು ಆಟ, ತಾಯಿ. ನಿಮಗೆ ಕಲಿಸಿದರೂ ನನ್ನಾಟ ನನ್ನಲ್ಲೇ ಇರ್ತದೆ. ದೀಪಕ್ಕಾದರೆ ಎಣ್ಣೆ ಮುಗೀತದೆ. ಪಂಡಿತರು ಮಾತ್ರ ಹತ್ತಿರ ಬಂದಿದ್ದರು."

ಹೇಗೆ ಸರಿ ಎಂದು ಅವನೇ ವಿವರಿಸಿಬಿಟ್ಟಿದ್ದ. ಅವಳು ತಲೆ ತಗ್ಗಿಸಿಕೊಂಡೇ ಎರಡನೆಯದನ್ನು ಕೇಳಿದಳು. "ಬೇಲಿಯಿಲ್ಲದ ಹೊಲಕ್ಕೆ ಒಂದೇ ಕಾವಲು. ಯಾವುದು?"

"ಕೊಟ್ಟ ಮಾತು. ನಮ್ಮ ದೋಣಿಕಟ್ಟೆಯ ಕಲ್ಲಿನ ಮೇಲೆ ಈ ಆಟ, ಅಂಚಿನ ಒಗಟು ಎಲ್ಲ ಗೀಚಿದವಳು ಚಂದ್ರವ್ವ. ಯಾರು ಬೇಕಾದರೂ ಆಡಿ, ತಿದ್ದಿ, ಹಲಗೆ ಮಾಡಿ ಮಾರಿ ಅಂದಳು. ನಮ್ಮಿಂದ ಮಾತು ತಗೊಂಡದ್ದು ಇಷ್ಟಕ್ಕೆ. ನಿಮಗೆ ಹೇಗೆ ಸಿಕ್ಕಿತೋ ಹಾಗೇ ಮುಂದಿನವರಿಗೂ ಬಿಡಿ. ಮೊದಲ ಕಾಯಿ ನಡೆಸುವ ಮುಂಚೆ ಕಟ್ಟಿದವಳ ಹೆಸರು ಹೇಳಿ."

"ಎಲ್ಲ ಹೊತ್ತೊಯ್ದ ಕಳ್ಳ ಒಂದನ್ನು ಮಾತ್ರ ಬಿಟ್ಟುಹೋದ. ಅದನ್ನೂ ಒಯ್ದಿದ್ದರೆ ಅವನು ಕಳ್ಳನೇ ಆಗುತ್ತಿರಲಿಲ್ಲ. ಏನದು?" ಮೂರನೆಯದನ್ನು ಕೇಳುತ್ತಿದ್ದಂತೆ ಅಮ್ಮಣ್ಣಿಯ ದನಿ ಇಳಿಯಿತು.

"ಕಟ್ಟಿದವಳ ಹೆಸರು, ತಾಯಿ. ಮೂಲೆಯಲ್ಲಿ ಹೆರೆದದ್ದು ಅದೇ."

ಸೋಮಪ್ಪಯ್ಯ ಎದ್ದುನಿಂತ. ಮುದ್ರೆಯಿಲ್ಲದ ಆ ಕಲ್ಲನ್ನು ಒಡೆಸಿ, ಅರಮನೆಯ ಆಟ ನಕಲು ಮಾಡಿದ ತಪ್ಪಿಗೆ ಆ ಮುದುಕಿಯನ್ನು ಸೆರೆಗೆ ಹಾಕಿಸಿಯಾಗಿದೆ, ಅವಳ ಮಾತೇಕೆ ಎಂದ. ತನ್ನ ಆಟವನ್ನೇ ನಕಲು ಮಾಡಿದಳೆಂದು ಅವಳಿಗೆ ಸೆರೆ! ಕೆಂಪಾಜಮ್ಮಣ್ಣಿಗೆ ಇದು ಗೊತ್ತೇ ಇರಲಿಲ್ಲ.

"ಸರಿಯೋ ತಪ್ಪೋ, ಅಮ್ಮಣ್ಣಿ?" ಎಂದ ರಾಜ.

ತಪ್ಪು ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅಂದುಬಿಟ್ಟರೆ ಈ ಹುಡುಗನ ತಲೆಯೊಂದಿಗೆ ಎಲ್ಲ ಮುಚ್ಚಿಹೋಗುತ್ತಿತ್ತು. ಈರ್ಯನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸರಿ," ಎಂದಳು. "ಉತ್ತರ ನನಗೂ ಈಗಲೇ ತಿಳಿದದ್ದು, ಅಪ್ಪಾಜಿ. ಆಟ ನನ್ನದಲ್ಲ. ಏನೂ ಗೊತ್ತಿಲ್ಲದೆ ಇಬ್ಬರನ್ನು ಕೊಲ್ಲಿಸಲಿದ್ದೆ."

ರಾಜ ತಲೆ ಎತ್ತಲಿಲ್ಲ. ಕೂತಲ್ಲಿಂದಲೇ ಸೆರೆಯಲ್ಲಿದ್ದ ಮೂವರ ಬಿಡುಗಡೆಗೆ ಅಪ್ಪಣೆ ಕೊಟ್ಟ. ಸೋಮಪ್ಪಯ್ಯನಿಂದ ಮುದ್ರೆ ಕಿತ್ತುಕೊಂಡ. ಹಲಗೆ ಮಾರಲಿ, ಆದರೆ ಪ್ರತಿ ಹಲಗೆಯ ಮೇಲೂ ಆ ಹೆಸರು ತನ್ನ ಕೈಯಿಂದಲೇ ಕೆತ್ತಲಿ ಎಂದ. ಈರ್ಯನಿಗೆ ಅರ್ಧ ರಾಜ್ಯ ಕೊಡಹೋದ. ಈರ್ಯ ದೋಣಿಕಟ್ಟೆಗೆ ಹೊಸ ಕಲ್ಲು ಕೇಳಿದ. ಜೊತೆಗೆ, ಮೊದಲ ಆಟಕ್ಕೆ ಅಮ್ಮಣ್ಣಿಯವರೇ ಬರಬೇಕು ಎಂದ.

ಅಮ್ಮಣ್ಣಿ ಹೊಸ ಕಲ್ಲಿನ ಬಳಿಗೆ ಬರಿಗಾಲಲ್ಲಿ ಬಂದಳು. ದೋಣಿಗೆ ಕಾಯುತ್ತಿದ್ದ ಜನ ಸುತ್ತ ನಿಂತರು. ಕಾಯಿ ಕೈಯಲ್ಲಿ ಹಿಡಿದು, "ಚಂದ್ರವ್ವ ಕಟ್ಟಿದ ಆಟ," ಎಂದಳು. ಪಕ್ಕದವರಿಗೂ ಕೇಳಲಿಲ್ಲ.

ಎದುರಿಗೆ ಕೂತ ಚಂದ್ರವ್ವ ಕಾಯಿ ನಡೆಸಲು ಬಿಡಲಿಲ್ಲ.

"ಇನ್ನೊಂದ್ಸಲ ಹೇಳವ್ವ. ಆಚೆ ದಡಕ್ಕೆ ಕೇಳ್ಬೇಕು."