ಕಲ್ಲುಬಂಡಿಯ ದಾರಿ

ಗಣಿತ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಓರೆಗೆರೆಯ ಕೋನ ತಿಳಿಯಬೇಕಾದರೆ ಮೊದಲು ಮಟ್ಟವಾದ ಅಡ್ಡಗೆರೆ ಎಳೆಯಬೇಕೆನ್ನುತ್ತೀರಿ. ಅಳೆಯಬೇಕಾದ ಗೆರೆ ಕಣ್ಣೆದುರಿಗೇ ಇದೆ. ಅಡ್ಡಗೆರೆಯ ಹಂಗೇಕೆ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಊರಿನ ಅಂಚಿನಿಂದ ಹೊಳೆಯ ದಡಕ್ಕೆ ಕಲ್ಲು ಇಳಿಸಲು ದಾರಿ ಬೇಕಾಯಿತು. ಆ ಕೆಲಸ ಅವನ ಪಾಲಿಗೆ ಬಂತು. ಬಂಡಿಯ ದಾರಿ ಎಷ್ಟು ಇಳಿಜಾರಾಗಿರಬಹುದೆಂದು ಅವನು ಬಲ್ಲ. ಅದನ್ನು ಮೀರಿದರೆ ಎತ್ತುಗಳು ಭಾರವನ್ನು ತಡೆಯಲಾರವು.

ಅವನು ಊರಿನ ನೆಲದ ಮೇಲೆ ಒಂದು ಕೋಲನ್ನು ಅಂಚಿನಾಚೆಗೆ ಚಾಚುವಂತೆ ಮಲಗಿಸಿದ. ಇನ್ನೊಂದನ್ನು ದಾರಿ ಇಳಿಯುವ ಕಡೆಗೆ ಓರೆಯಾಗಿ ಹಿಡಿದ. ಎರಡರ ನಡುವಿನ ಕೋನ ಆ ಮಿತಿಯೊಳಗೇ ಇರುವಂತೆ ಅಳೆದು ಗುರುತು ಹಾಕಿದ.

ಅವನ ಹೆಂಡತಿ ಹೇಳಿದಳು: "ನೆಲವನ್ನೂ ಒಮ್ಮೆ ನೋಡಿ. ನಮ್ಮ ಅಂಗಳಕ್ಕೆ ನೀರು ಹಾಕಿದರೆ ಹೊಳೆಯ ಕಡೆಗೇ ಹರಿಯುತ್ತದೆ."

"ನೀರು ಹೊಳೆಗೆ ಹರಿಯದೆ ಇನ್ನೆಲ್ಲಿಗೆ ಹರಿದೀತು?" ಎಂದ ಅವನು.

ದಾರಿ ಸಿದ್ಧವಾಯಿತು. ಮೊದಲ ಬಂಡಿಯನ್ನು ಅವನ ತಮ್ಮ ಹೊಡೆದ. ಅರ್ಧ ದಾರಿಯಲ್ಲಿ ಕಲ್ಲಿನ ಭಾರ ಎತ್ತುಗಳನ್ನು ಮುಂದಕ್ಕೆ ನೂಕಿತು. ಬಂಡಿ ಮಗುಚಿತು. ಒಂದು ಎತ್ತು ಸತ್ತಿತು. ತಮ್ಮನ ಕಾಲು ಕಲ್ಲಿನ ಕೆಳಗೆ ಸಿಕ್ಕಿ ಮುರಿಯಿತು. ಕಲ್ಲುಕುಟಿಗ ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ.

ಮರುದಿನ ಅವನು ಅಗಲವಾದ ಹರಿವಾಣವನ್ನು ಅಂಗಳದಲ್ಲಿಟ್ಟು ನೀರು ತುಂಬಿಸಿದ. ಹೊಳೆಯ ಕಡೆಯ ಅಂಚಿನಿಂದ ನೀರು ಚೆಲ್ಲಿತು. ಇತ್ತಕಡೆಯ ಅಂಚು ಇನ್ನೂ ಒಣಗಿಯೇ ಇತ್ತು. ಅವನಿಗೆ ಹೆಂಡತಿಯ ಮುಖವನ್ನು ನೋಡಲಾಗಲಿಲ್ಲ.

ಆಮೇಲೆ ಎದ್ದು, ನಿಂತ ನೀರಿನ ಮಟ್ಟಕ್ಕೆ ಕೋಲು ಹಿಡಿದು ಮತ್ತೆ ಅಳೆದ. ಹಳೆಯ ದಾರಿಯನ್ನು ಮುಚ್ಚಿ, ಗುಡ್ಡವನ್ನು ಬಳಸಿಕೊಂಡು ಹೋಗುವ ಉದ್ದದ ದಾರಿ ಕಡಿದ. ಈ ಸಲ ಮೊದಲ ಬಂಡಿಯನ್ನು ತಾನೇ ಹೊಡೆದ. ಎತ್ತುಗಳು ನಿಧಾನವಾಗಿ ನಡೆದು ದಡ ಸೇರಿದವು. ಕುಂಟುತ್ತ ಬಂದ ತಮ್ಮ ಎಲ್ಲವನ್ನೂ ನೋಡಿ ಹಿಂದಿರುಗಿದ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವನು ಕೆಲಸ ಬಲ್ಲವನು. ಹುಟ್ಟಿದಾಗಿನಿಂದ ಓಡಾಡಿದ ನೆಲ ಓರೆಯಾಗಿದೆಯೆಂದು ಅವನಿಗೆ ಏಕೆ ತಿಳಿಯಲಿಲ್ಲ?"

"ಹುಟ್ಟಿದಾಗಿನಿಂದ ಓಡಾಡಿದ್ದರಿಂದ" ಎಂದರು ಗುರುಗಳು.