ತ್ರಿಕೋನದ ಕೋಟೆಯ ತಿಪ್ಪಯ್ಯ

‘ಹೇಳಿದ ಮಾತು ಮೀರದವನಿಗೆ ಕೇಡಿಲ್ಲ’ ಎಂದು ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದಳು. ನಿಜವೇ? ತಿಪ್ಪಯ್ಯನ ಕತೆ ಕೇಳಿ, ನೀವೇ ತೀರ್ಮಾನಿಸಿ.

ಒಂದು ಕೋಟೆಯಲ್ಲಿ ಪಾಪವ್ವ ಎಂಬ ವಿಧವೆ ಗುರಾಣಿಗಳ ಮೇಲೆ ಲಾಂಛನ ಬರೆದು ಬಾಳುತ್ತಿದ್ದಳು. ಅವಳ ಒಬ್ಬನೇ ಮಗ ತಿಪ್ಪಯ್ಯ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೋಟೆಯ ನಾಯಕನ ಲಾಂಛನ ತ್ರಿಕೋನ; ನೆರೆಯ ಹಗೆಯದು ವೃತ್ತ. ಪಾಪವ್ವನ ತವರು ಆ ನೆರೆಯ ಪಾಳೆಯವೇ. ಆದ್ದರಿಂದ ದಳವಾಯಿಗೆ ಅವಳ ಮೇಲೆ ಸದಾ ಒಂದು ಕಣ್ಣು.

ನಾಯಕ ಯುದ್ಧಕ್ಕೆ ಹೋಗಿದ್ದಾಗ ಪಾಪವ್ವ ಮಗನ ಕೈಯಲ್ಲಿ ಗುರಾಣಿ ಕೊಟ್ಟು, ಅರಮನೆಯ ಗೋಡೆಗೆ ತೂಗುಹಾಕಿ ಬಾ ಎಂದು ಕಳಿಸಿದಳು. "ತ್ರಿಕೋನದ ತುದಿ ಮೇಲಿರಬೇಕು ಕಣೋ. ಕೆಳಗಾದರೆ ಸೋತೆವೆಂದು ಅರ್ಥ!"

"ಆಗಲವ್ವ!"

ಅರಮನೆಯಲ್ಲಿ ಎದುರಾದವನು ದಳವಾಯಿ. ಅವನ ಚೂಪು ಗಡ್ಡದ ತುದಿ ಕೆಳಗಿತ್ತು! "ಅಯ್ಯಯ್ಯೋ, ಸೋತೆವು!" ಎಂದು ತಿಪ್ಪಯ್ಯ ಗಡ್ಡ ಹಿಡಿದು ಮೂಗಿನವರೆಗೆ ಎತ್ತಿದ.

"ಯಾರೋ ನಿನ್ನ ಕಳಿಸಿದವರು? ನಿನ್ನವ್ವನ ತವರಿನವರೋ?" ಎಂದು ದಳವಾಯಿ ಗರ್ಜಿಸಿದ. "ಇನ್ನೊಂದು ತಪ್ಪಾಗಲಿ, ತಾಯಿ ಮಗ ಇಬ್ಬರೂ ಕೋಟೆಯಿಂದಾಚೆ!"

ಪಾಪವ್ವ ತಲೆ ಚಚ್ಚಿಕೊಂಡಳು. "ಗಡ್ಡ ಎತ್ತುತ್ತಾರೇನೋ ಪೆದ್ದೇ? ತುದಿಯ ಗೊಡವೆ ಬಿಡು. ದುಂಡನೆಯ ಗುರುತು ಹಗೆಯದು. ಕಂಡರೆ ಒರೆಸು, ಸಾಕು!"

"ಆಗಲವ್ವ!"

ಮರುದಿನ ನಾಯಕನ ಮಡದಿ ದೇವರಿಗೆ ಕೈಮುಗಿದು ಬರುತ್ತಿದ್ದರು. ಹಣೆಯಲ್ಲಿ ದುಂಡನೆಯ ಕುಂಕುಮ! ತಿಪ್ಪಯ್ಯ ಓಡಿಹೋಗಿ ಪಂಚೆಯ ಸೆರಗಿನಿಂದ ಒರೆಸಿಯೇ ಬಿಟ್ಟ.

"ಗಂಡ ರಣದಲ್ಲಿರುವಾಗ ಕುಂಕುಮ ಅಳಿಸಿದನಲ್ಲಾ!" ಎಂದು ದಾಸಿಯರು ಬೊಬ್ಬಿಟ್ಟರು.

"ಇದು ಪೆದ್ದುತನವಲ್ಲ, ಸಂಚು," ಎಂದ ದಳವಾಯಿ. "ನಾಯಕರು ಬಂದೊಡನೆ ಇವರನ್ನು ಹೊರಗಟ್ಟಿಸುತ್ತೇನೆ." ಇಬ್ಬರನ್ನೂ ಹೆಬ್ಬಾಗಿಲ ಬಳಿ ಕೂರಿಸಿದ.

"ಇನ್ನು ಯಾರನ್ನೂ ಮುಟ್ಟಬೇಡವೋ!" ಎಂದು ಪಾಪವ್ವ ಅತ್ತಳು. "ದುಂಡನೆಯದು ಬಂದರೆ ಬಾಗಿಲು ಹಾಕಿ ಕೂಗು, ಅಷ್ಟೇ!"

"ಆಗಲವ್ವ!"

ಸಂಜೆ ನಾಯಕ ಗೆದ್ದು ಬಂದ, ಹಗೆಯಿಂದ ಕಿತ್ತ ಗುರಾಣಿಯನ್ನು ಮೇಲೆತ್ತಿ ಹಿಡಿದು. ಅದರ ನಡುವೆ ವೃತ್ತ! ತಿಪ್ಪಯ್ಯ ದಡಾರನೆ ಬಾಗಿಲು ಹಾಕಿದ. "ಹಗೆ ಬಂದ! ಹಗೆ ಬಂದ!"

"ನಾನು ಕಣೋ, ನಿಮ್ಮ ನಾಯಕ!"

"ಎಲ್ಲ ಹಗೆಗಳೂ ಹಾಗೇ ಹೇಳುವುದು," ಎಂದ ದಳವಾಯಿ, ಒಳಗಿನಿಂದ.

ನಾಯಕ ಗುರಾಣಿಯನ್ನು ಕಂದಕಕ್ಕೆ ಎಸೆದ ಮೇಲೆಯೇ ಬಾಗಿಲು ತೆರೆಯಿತು. ಹೊಸ್ತಿಲಾಚೆ ನಿಂತೇ ಅವನು ಎಲ್ಲವನ್ನೂ ಕೇಳಿದ, ನಕ್ಕ. "ತವರಿನ ಗುರುತಿಗೇ ಬಾಗಿಲು ಹಾಕಿಸಿದವಳು ದ್ರೋಹಿಯೇ? ಪಾಪವ್ವ ಕೋಟೆಯಲ್ಲೇ ಇರುತ್ತಾಳೆ. ಆದರೆ ಇಂದಿನಿಂದ ಈ ತಿಪ್ಪಯ್ಯನಿಗೆ ಯಾರೂ ಏನನ್ನೂ ಹೇಳಕೂಡದು!"

ಪಾಪವ್ವ ಕಣ್ಣೊರೆಸಿಕೊಂಡಳು. "ಪಕ್ಕಕ್ಕೆ ಬಾರೋ ಮಗನೇ, ದಾರಿ ಬಿಡು, ನಾಯಕರು ಒಳಗೆ ಬರಲಿ."

ತಿಪ್ಪಯ್ಯ ಹೆಬ್ಬಾಗಿಲ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ. ನಾಯಕ ಬಾಯಿ ತೆರೆದ. ತನ್ನ ಅಪ್ಪಣೆ ನೆನಪಾಗಿ ಮುಚ್ಚಿದ.

"ಎಲ್ಲರೂ ಕೇಳಿ," ಎಂದ ತಿಪ್ಪಯ್ಯ. "ನನಗೆ ಯಾರೂ ಏನೂ ಹೇಳುವಂತಿಲ್ಲ. ಆದ್ದರಿಂದ ನಾನು ಏಳುವುದಿಲ್ಲ."